ಆಲೀಲ್ ಲೆಕ್ಕ: ಸಮತೋಲನ ಇದೆಯೇ, ನೋಡುವುದು ಹೇಗೆ?

ಪ್ರಬಲ ಜೀನು ತಲೆಮಾರು ಕಳೆದಂತೆ ಹೆಚ್ಚುತ್ತಾ ಹೋಗಿ ದುರ್ಬಲವನ್ನು ಅಳಿಸಿಹಾಕುತ್ತದೆ ಎಂದು ನಂಬಿದವರು ಇಂದಿಗೂ ಸಿಗುತ್ತಾರೆ. ಹಾಗಾಗುವುದಿಲ್ಲ ಎಂದು 1908ರಲ್ಲೇ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ, ಜರ್ಮನಿಯ ವೈದ್ಯ ವೈನ್‌ಬರ್ಗ್ ಬೇರೆಬೇರೆಯಾಗಿ ತೋರಿಸಿಕೊಟ್ಟರು. ಸಮೂಹ ದೊಡ್ಡದಿರಬೇಕು, ಆ ಗುಣ ನೋಡಿ ಯಾರೂ ಸಂಗಾತಿಯನ್ನು ಆರಿಸಬಾರದು, ವಲಸೆ, ಉತ್ಪರಿವರ್ತನೆ (ಜೀನಿನಲ್ಲೇ ಆಗುವ ಬದಲಾವಣೆ), ನಿಸರ್ಗದ ಆಯ್ಕೆ ಇರಬಾರದು. ಆಗ ಆಲೀಲ್‌ಗಳ, ಅಂದರೆ ಒಂದೇ ಜೀನಿನ ಬೇರೆಬೇರೆ ರೂಪಗಳ, ಪ್ರಮಾಣ ಇದ್ದಲ್ಲೇ ಇರುತ್ತದೆ. ಇದೇ ಸಮತೋಲನ.

ಪರೀಕ್ಷಿಸಲು ಪೆನ್ನು, ಕಾಗದ ಸಾಕು. ಎಂಎನ್ ರಕ್ತದ ಗುಂಪನ್ನೇ ತೆಗೆದುಕೊಳ್ಳಿ. ಇಲ್ಲಿ ಎಂ, ಎನ್ ಎರಡೂ ಆಲೀಲ್‌ಗಳು ಪರೀಕ್ಷೆಯಲ್ಲಿ ಕಾಣುವುದರಿಂದ ಊಹೆಗೆ ಜಾಗವಿಲ್ಲ. 200 ಜನರಲ್ಲಿ ಎಂಎಂ 80, ಎಂಎನ್ 80, ಎನ್ಎನ್ 40 ಮಂದಿ ಇದ್ದಾರೆನ್ನಿ.

ಮೊದಲು ಆಲೀಲ್ ಎಣಿಸಿ. ಒಬ್ಬರಿಗೆ ಎರಡರಂತೆ ಒಟ್ಟು 400. ಎಂ: 160 + 80 = 240, ಅಂದರೆ 0.6. ಉಳಿದ 0.4 ಎನ್.

ಇನ್ನು ನಿರೀಕ್ಷಿತ ಸಂಖ್ಯೆ, ಅಂದರೆ ಸಮತೋಲನವಿದ್ದರೆ ಇರಬೇಕಾದಷ್ಟು ಮಂದಿ. ಎಂಎಂ 0.6 × 0.6 × 200 = 72. ಎಂಎನ್ 2 × 0.6 × 0.4 × 200 = 96. ಎನ್ಎನ್ 0.4 × 0.4 × 200 = 32. ಎಂಎನ್‌ಗೆ ಎರಡರಿಂದ ಗುಣಿಸುವುದನ್ನು ಮರೆಯಬೇಡಿ. ಎಂ ತಾಯಿಯಿಂದಲೂ ಬಂದಿರಬಹುದು, ತಂದೆಯಿಂದಲೂ.

ಪ್ರತಿ ಗುಂಪಿನ ವ್ಯತ್ಯಾಸದ ವರ್ಗವನ್ನು ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ಕೂಡಿಸಿ: 0.89 + 2.67 + 2 = 5.56. ಬರೀ ಆಕಸ್ಮಿಕ ಏರುಪೇರು ಎನ್ನಲು ಇಂಥ ಲೆಕ್ಕಕ್ಕೆ ವಾಡಿಕೆಯ ಗಡಿ 3.84. ನಮ್ಮದು ಅದನ್ನು ದಾಟಿದೆ; ಸಮತೋಲನ ಇಲ್ಲ.

ಇಲ್ಲೇ ಬಹಳ ಜನ ಎಡವುವುದು. ಗಡಿ ದಾಟಿದ ಕೂಡಲೇ ‘ನಿಸರ್ಗದ ಆಯ್ಕೆ’ ಎಂದು ಬರೆದುಬಿಡುತ್ತಾರೆ. ದಯವಿಟ್ಟು ಮೊದಲು, ಎಣಿಸಿದ್ದು ಯಾರನ್ನು ಎಂದು ಕೇಳಿಕೊಳ್ಳಿ. ಆ 200 ಮಂದಿ, ತಮ್ಮತಮ್ಮಲ್ಲೇ ಮದುವೆಯಾಗುವ ಎರಡು ಸಮುದಾಯಗಳಿಂದ ನೂರು ನೂರರಂತೆ ಬಂದವರಾಗಿದ್ದರೆ? ಒಂದರಲ್ಲಿ ಎಂ 0.8, ಇನ್ನೊಂದರಲ್ಲಿ 0.4 ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ 64, 32, 4. ಎರಡನೆಯದರಲ್ಲಿ 16, 48, 36. ಎರಡೂ ಪಕ್ಕಾ ಸಮತೋಲನದಲ್ಲಿವೆ. ಕೂಡಿಸಿ ನೋಡಿ: 80, 80, 40. ಆಯ್ಕೆಯೇ ಇಲ್ಲದೆ, ಬರೀ ಬೆರಕೆಯಿಂದ ಎಂಎನ್ ಮಂದಿ 16 ಕಡಿಮೆಯಾದರು! ಇದಕ್ಕೆ ವಾಲುಂಡ್ ಪರಿಣಾಮ ಎಂದು ಹೆಸರು.

ಹಾಗಾಗಿ ಸಮುದಾಯಗಳನ್ನು ಬಿಡಿಸಿ, ಒಂದೊಂದಕ್ಕೂ ಮತ್ತೆ ಲೆಕ್ಕ ಹಾಕಿ. ಆಗಲೂ ಎಂಎನ್ ಮಂದಿ ಕಡಿಮೆಯೇ ಬಂದರೆ ರಕ್ತಸಂಬಂಧದ ಮದುವೆಗಳಿವೆಯೇ, ಪರೀಕ್ಷೆಯಲ್ಲಿ ಒಂದು ಆಲೀಲ್ ಕಣ್ತಪ್ಪಿದೆಯೇ ಎಂದು ಹುಡುಕಿ. ಆಯ್ಕೆಯ ಮಾತು ಅದಾದ ಮೇಲೆ.