ಮಾತ್ರೆಯಿಲ್ಲದೆಯೇ ಎಚ್‌ಐವಿ ಹತೋಟಿಯಲ್ಲಿದೆಯೇ? ಪರಿಶೀಲಿಸುವುದು ಹೀಗೆ

ಎಚ್‌ಐವಿಯನ್ನು ಅಡಗಿಸಿಡುವ ಎಆರ್‌ಟಿ ಮಾತ್ರೆ ನುಂಗುತ್ತಿರುವವರು ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಎಣಿಕೆ) ವರದಿಯಲ್ಲಿ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’, ಅಂದರೆ ವೈರಸ್ ಪತ್ತೆಯಾಗಿಲ್ಲ, ಎಂಬ ಸಾಲನ್ನು ಕಂಡು, ತಮ್ಮ ಮೈಯೇ ವೈರಸ್ಸನ್ನು ಅಡಗಿಸಿದೆ ಎಂದು ನಂಬಿ ಮಾತ್ರೆ ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಹಾಗೆ ಬಿಟ್ಟ ಕೆಲವೇ ವಾರಗಳಲ್ಲಿ ಬಹುಪಾಲು ಜನರಲ್ಲಿ ವೈರಸ್ ಮತ್ತೆ ಏರುತ್ತದೆ. ಔಷಧವಿಲ್ಲದೆಯೇ ವೈರಸ್ಸನ್ನು ಮಿಲಿಲೀಟರಿಗೆ 50 ಪ್ರತಿಗಳಿಗಿಂತ ಕೆಳಗೆ ಹಿಡಿದಿಡುವ ‘ಎಲೀಟ್ ಕಂಟ್ರೋಲರ್’ಗಳು ಇರುವುದು ನಿಜ; ಆದರೆ ಸೋಂಕಿತರಲ್ಲಿ ಅವರು ಶೇ 1ಕ್ಕಿಂತಲೂ ಕಡಿಮೆ.

ಹಂತ 1. ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಸೋಂಕು ಖಚಿತವಾಗಿರಬೇಕು.

ಹಂತ 2. ಯಾವ ಎಆರ್‌ಟಿ ಮಾತ್ರೆಯನ್ನೂ ತೆಗೆದುಕೊಂಡಿರಬಾರದು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಪರೀಕ್ಷೆಗೆಂದು ನಿಲ್ಲಿಸಲೇಬಾರದು, ಅವರಿಗೆ ಈ ಪರಿಶೀಲನೆಯೇ ಬೇಡ.

ಹಂತ 3. ಸೋಂಕು ಎಚ್‌ಐವಿ-1 ಹೌದೇ ಎಂದು ಕೇಳಿ. ಭಾರತದಲ್ಲಿ ಎಚ್‌ಐವಿ-2 ಎಂಬ ಇನ್ನೊಂದು ಬಗೆಯೂ ಇದೆ. ಸಾಮಾನ್ಯ ವೈರಲ್ ಲೋಡ್ ಪರೀಕ್ಷೆ ಅದನ್ನು ಎಣಿಸುವುದೇ ಇಲ್ಲವಾದ್ದರಿಂದ, ವೈರಸ್ ಇದ್ದರೂ ವರದಿ ಖಾಲಿ ಬರುತ್ತದೆ.

ಹಂತ 4. ಒಂದೇ ವರದಿ ಸಾಲದು. ಕನಿಷ್ಠ ಒಂದು ವರ್ಷದ ಅವಧಿಯಲ್ಲಿ ಹಲವು ಬಾರಿ ಎಣಿಕೆ ಆಗಲಿ, ಜೊತೆಗೆ ಎಚ್‌ಐವಿ ನಾಶಮಾಡುವ ರೋಗನಿರೋಧಕ ಕೋಶಗಳಾದ ಸಿಡಿ4ರ ಎಣಿಕೆಯೂ ಇರಲಿ.

ಹಂತ 5. ಈ ಹತೋಟಿಯ ಕಾರಣವನ್ನು ಸರಿಯಾಗಿ ಅರ್ಥಮಾಡಿಕೊಳ್ಳಿ. ಹೆಚ್ಚು ಜನ ಎಡವುವುದು ಇಲ್ಲಿಯೇ. ನಮ್ಮ ಜೀವಕೋಶಗಳು ಎಚ್‌ಎಲ್‌ಎ ಎಂಬ ಪ್ರೋಟೀನ್‌ಗಳ ಮೇಲೆ ಒಳಗಿನ ಚೂರುಗಳನ್ನಿಟ್ಟು ಹೊರಗೆ ತೋರಿಸುತ್ತವೆ, ಮತ್ತು ಕೊಲ್ಲುವ ಟಿ ಕೋಶಗಳು ಆ ಚೂರನ್ನು ಓದಿ ಸೋಂಕನ್ನು ಪತ್ತೆಹಚ್ಚುತ್ತವೆ. ಇದನ್ನು ತಪ್ಪಿಸಲು ವೈರಸ್ಸಿನ ನೆಫ್ ಎಂಬ ಪ್ರೋಟೀನ್, ಎಚ್‌ಎಲ್‌ಎ-ಎ ಮತ್ತು ಬಿ ಗುರುತುಗಳನ್ನು ಕೋಶದ ಮೇಲ್ಮೈಯಿಂದ ಕೆಳಗೆಳೆಯುತ್ತದೆ. ಆದರೆ ಹುಟ್ಟಿನಿಂದಲೇ ಬಂದ ರೋಗನಿರೋಧಕ ಶಕ್ತಿಯ ಭಾಗವಾದ ಎನ್‌ಕೆ ಕೋಶಗಳು ನೋಡುವುದು ಬೇರೆಯದೇ ಲಕ್ಷಣವನ್ನು: ಗುರುತೇ ಇಲ್ಲದ ಕೋಶವನ್ನು ಅವು ಹೊಡೆದುಹಾಕುತ್ತವೆ. ಆ ಹೊಡೆತದಿಂದ ತಪ್ಪಿಸಿಕೊಳ್ಳಲೆಂದೇ ನೆಫ್ ಎಚ್‌ಎಲ್‌ಎ-ಸಿ ಮತ್ತು ಇ ಗುರುತುಗಳನ್ನು ಮೇಲೆಯೇ ಉಳಿಸುತ್ತದೆ. ಎನ್‌ಕೆ ಕೋಶಗಳ ಮೇಲಿರುವ ಕೆಐಆರ್ ಗ್ರಾಹಕಗಳು ಮತ್ತು ವ್ಯಕ್ತಿಯ ಎಚ್‌ಎಲ್‌ಎ-ಬಿ ಹೊಂದಿಕೊಂಡರೆ ರೋಗ ನಿಧಾನವಾಗುತ್ತದೆ ಎಂಬುದು 2002ರಲ್ಲಿ ವರದಿಯಾಯಿತು. ಎಲೀಟ್ ಕಂಟ್ರೋಲರ್‌ಗಳಲ್ಲಿ ಹೆಚ್ಚಾಗಿ ಕಾಣುವ, ಎಚ್‌ಎಲ್‌ಎ-ಬಿಯ ಒಂದು ಬಗೆಯಾದ ಎಚ್‌ಎಲ್‌ಎ-ಬಿ57 ಈ ಹೊಂದಾಣಿಕೆಗೆ ಒಗ್ಗುವ ಮಾದರಿಯದೇ. ಹಾಗಾಗಿ ಬಿ57ರ ಲಾಭವನ್ನು ಪೂರ್ತಿಯಾಗಿ ಟಿ ಕೋಶಗಳ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ, ಅವು ದೊಡ್ಡ ಪಾತ್ರ ವಹಿಸುತ್ತವೆ ಎಂಬುದು ನಿಜವಾದರೂ.

ಈ ಹೊಂದಾಣಿಕೆ ತಂದೆತಾಯಿಯಿಂದ ಬಂದದ್ದು. ಅಂಗಡಿಯಲ್ಲಿ ಸಿಗುವ ‘ಇಮ್ಯೂನಿಟಿ ಬೂಸ್ಟರ್’ ಪುಡಿಯಿಂದ ಬರುವಂಥದ್ದಲ್ಲ. ಅವುಗಳ ಮೇಲೆ ಒಂದು ರೂಪಾಯಿಯನ್ನೂ ಹಾಕಬೇಡಿ. ನಿರೋಧಕ ಶಕ್ತಿ ಹೆಚ್ಚು ಕೆರಳಿದಷ್ಟೂ ಒಳ್ಳೆಯದು ಎಂಬ ನಂಬಿಕೆಯೇ ತಪ್ಪು. ಪಶ್ಚಿಮ ಆಫ್ರಿಕಾದ ಸೂಟಿ ಮಂಗಾಬೆ ಕೋತಿಗಳ ರಕ್ತದಲ್ಲಿ ಎಚ್‌ಐವಿಯ ಸಂಬಂಧಿಯಾದ ಎಸ್‌ಐವಿ ವೈರಸ್ ತುಂಬಿದ್ದರೂ ಅವು ಸಾಮಾನ್ಯವಾಗಿ ಏಡ್ಸ್‌ಗೆ ತುತ್ತಾಗುವುದಿಲ್ಲ. ಸೋಂಕಿನ ಆರಂಭದಲ್ಲಿ ಏಳುವ ಇಂಟರ್‌ಫೆರಾನ್ (ವೈರಸ್ ವಿರುದ್ಧ ದೇಹ ಹೊರಡಿಸುವ ಎಚ್ಚರಿಕೆಯ ಪ್ರೋಟೀನ್) ಅಲೆ ಅವುಗಳಲ್ಲಿ ಬೇಗನೆ ಇಳಿದುಬಿಡುತ್ತದೆ. ಮನುಷ್ಯರಲ್ಲಿ ಅದು ಇಳಿಯದೆ ಉಳಿದು, ದೀರ್ಘಕಾಲದ ಉರಿಯೂತವಾಗಿ ದೇಹವನ್ನು ಸವೆಸುತ್ತದೆ.

ಹಂತ 6. ಹತೋಟಿ ಸಾಬೀತಾದರೂ ಮಾತ್ರೆಯ ಬಗ್ಗೆ ವೈದ್ಯರೊಂದಿಗೆ ಕುಳಿತು ಮಾತನಾಡಿ. ಎಲೀಟ್ ಕಂಟ್ರೋಲರ್‌ಗಳಲ್ಲಿಯೂ ಕೆಲವರ ಸಿಡಿ4 ಕಾಲಕ್ರಮೇಣ ಕುಸಿಯುತ್ತದೆ, ಉರಿಯೂತವೂ ಉಳಿದಿರುತ್ತದೆ. ಸಿಡಿ4 ಎಷ್ಟೇ ಇದ್ದರೂ ಎಲ್ಲ ಸೋಂಕಿತರಿಗೆ ಚಿಕಿತ್ಸೆ ನೀಡುವ ನೀತಿಯನ್ನು ಭಾರತ 2017ರಲ್ಲಿಯೇ ಒಪ್ಪಿಕೊಂಡಿದೆ. ಆರಂಭಿಸುವುದೇ ಒಳ್ಳೆಯದೆಂಬುದು ನನ್ನ ನಿಲುವು. ಆರಂಭಿಸುವ ಮುನ್ನ ಹಂತ 1ರಿಂದ 4ರವರೆಗಿನ ಎಲ್ಲ ವರದಿಗಳನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಜೋಡಿಸಿಟ್ಟುಕೊಳ್ಳಿ, ಏಕೆಂದರೆ ಮಾತ್ರೆ ಶುರುವಾದ ಮೇಲೆ ಹಿಂದಿನ ಹತೋಟಿಗೆ ಪುರಾವೆಯಾಗಿ ಉಳಿಯುವುದು ಆ ಹಾಳೆಗಳಷ್ಟೇ.