ಬಿಟ್ಟು ಬಂದ ಮನೆಗೆ ಇನ್ನೂ ಬಾಡಿಗೆ ಕಟ್ಟುತ್ತಿದ್ದೇನೆ

ಬೆಂಗಳೂರಿನ ಮಾರತಹಳ್ಳಿ ಕಡೆಯ ಮುನ್ನೇಕೊಳಾಲದ ಮನೆ ಖಾಲಿ ಮಾಡಿದ್ದು ಮೇ 2024ರಲ್ಲಿ. ಆಗ ಅದರ ಬಾಡಿಗೆ ತಿಂಗಳಿಗೆ 27,000. ಮನೆ ಬಿಟ್ಟು ಒಂದೂವರೆ ವರ್ಷದ ಮೇಲಾಯಿತು, ಬಾಡಿಗೆ ಮಾತ್ರ ನಾನಿನ್ನೂ ನಿಲ್ಲಿಸಿಲ್ಲ. ಪ್ರತಿ 5ನೇ ತಾರೀಕು ಆ ಬಾಡಿಗೆ ಎತ್ತಿಡುತ್ತೇನೆ. ಶುರುವಿನ ಲೆಕ್ಕದಲ್ಲಿ ಕೆಂಗೇರಿಯ ಈಗಿನ ಓನರ್‌ಗೆ 15,000, ಉಳಿದ 12,000 ನನಗೆ. ಆ 12,000ದ ಮಟ್ಟಿಗೆ ನಾನೇ ಓನರ್, ತಡ ಮಾಡಿದರೆ ನಾನೇ ಬಾಗಿಲು ಬಡಿಯೋದು.

ದುಡ್ಡು ಉಳಿಸೋಕೆ ನನ್ನದು ಇಷ್ಟೇ ವಿಧಾನ. ಇದನ್ನು ಹೇಳಿದಾಗ ನಮ್ಮ ಭಾವ ನಕ್ಕಿದ್ದರು. "ಅದೇ ದುಡ್ಡಿಗೆ ಇಎಂಐ ಕಟ್ಟಿದ್ರೆ ಇಷ್ಟೊತ್ತಿಗೆ ಸ್ವಂತ ಮನೆ ಆಗ್ತಿತ್ತು ಕಣಮ್ಮ" ಅಂತ. ಆಗ ನಾವು ನೋಡಿದ್ದ ಫ್ಲಾಟಿಗೆ 70 ಲಕ್ಷ. ನೂರಕ್ಕೆ ಎಂಬತ್ತು ಸಾಲ ಅಂದರೆ 56 ಲಕ್ಷ, 20 ವರ್ಷಕ್ಕೆ ಲಕ್ಷಕ್ಕೆ ಹೆಚ್ಚುಕಮ್ಮಿ 880ರ ಕಂತು. ತಿಂಗಳಿಗೆ 49,000 ದಾಟುತ್ತೆ. ನನ್ನ ಸಂಬಳವೇ 52,000, ಯಜಮಾನರದು 38,000. ಮಿಕ್ಕ 14 ಲಕ್ಷ ಎಲ್ಲಿಂದ ತರೋದು, ರಿಜಿಸ್ಟ್ರೇಷನ್‌ಗೆ ಎಷ್ಟಾಗುತ್ತೆ ಅಂತ ಭಾವ ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಊರಿನಲ್ಲಿ ಸರಿ. ಈ ಊರಲ್ಲಿ ಹಾಸಿಗೆಗೇ ಬಾಡಿಗೆ.

ಮೊದಲು ಸೋತದ್ದು ಹೇಳಿಬಿಡುತ್ತೇನೆ, ಯಾಕೆಂದರೆ ಅದಕ್ಕೇ ಜಾಸ್ತಿ ದುಡ್ಡು ಹೋಗಿದೆ.

2018ರಲ್ಲಿ ಬೀದಿಯ ಹೆಂಗಸರೆಲ್ಲ ಸೇರಿ ಚೀಟಿ ಹಾಕಿದೆವು. ಇಪ್ಪತ್ತು ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ನಾನು ಹರಾಜು ಕೂಗದೇ ಕೊನೆವರೆಗೂ ಕಾಯ್ತೀನಿ ಅಂತ ಜಾಣತನ ಮಾಡಿದೆ. ಹದಿಮೂರನೇ ತಿಂಗಳು ಚೀಟಿ ನಡೆಸುತ್ತಿದ್ದಾಕೆ ಮನೆ ಖಾಲಿ ಮಾಡಿಕೊಂಡು ಹೋಗಿದ್ದಳು. ರಿಜಿಸ್ಟರ್ ಆದ ಚೀಟಿ ಅಲ್ಲ, ಕೈಬರಹದ ಪುಸ್ತಕ. ಹೋದದ್ದು 55,000ದ ಹತ್ತಿರ.

ಅದರ ಮೇಲೆ 2019ರಲ್ಲಿ ಭೋಗ್ಯ. ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿತ್ತು. ಎಂಟು ಲಕ್ಷ ಕೊಟ್ಟರೆ ಮೂರು ವರ್ಷ ಬಾಡಿಗೆ ಇಲ್ಲ, ಆಮೇಲೆ ದುಡ್ಡು ವಾಪಸ್. ಯಾರಿಗೆ ಆಸೆ ಆಗೊಲ್ಲ ಹೇಳಿ. ಯಜಮಾನರ ಪಿಎಫ್ ತೆಗೆಸಿದೆವು, ನನ್ನ ಬಳೆ ಅಡ ಇಟ್ಟೆವು, ಇದ್ದಬದ್ದ ಎಫ್‌ಡಿ ಮುರಿದೆವು. ಎರಡು ವರ್ಷ ತುಂಬೋ ಮೊದಲೇ ಗೇಟಿನ ಮೇಲೆ ಬ್ಯಾಂಕಿನ ನೋಟಿಸ್ ಅಂಟಿಸಿ ಹೋದರು. ಓನರ್ ಮನೆಯ ಮೇಲೆ ಸಾಲ ಮಾಡಿ ಕಂತು ಕಟ್ಟಿರಲಿಲ್ಲ. ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ತೆಗೆಸಿ ನೋಡಿದ್ದರೆ ಸಾಲ ಕಾಣುತ್ತಿತ್ತೇನೋ, ನಾವು ತೆಗೆಸಿರಲಿಲ್ಲ. ಭೋಗ್ಯದ ಪತ್ರವನ್ನೂ ರಿಜಿಸ್ಟರ್ ಮಾಡಿಸಿರಲಿಲ್ಲ. ನಾಲ್ಕು ಕಂತಿನಲ್ಲಿ ದುಡ್ಡು ಬಂತು, 60,000 ಬರಲೇ ಇಲ್ಲ. ಅಡ ಇಟ್ಟ ಬಳೆಯ ಬಡ್ಡಿ ಬೇರೆ. ಕೋವಿಡ್ಡಿನಲ್ಲಿ ಎಲ್ಲರ ಬಾಡಿಗೆ ಇಳಿದಾಗ ನಾವು ಮಾತ್ರ ಆ ಮನೆಯಲ್ಲಿ ದುಡ್ಡು ಕಾಯುತ್ತಾ ಕೂತಿದ್ದೆವು.

ಆಮೇಲೆ ಮುನ್ನೇಕೊಳಾಲ. 2022ರಲ್ಲಿ 21,000ಕ್ಕೆ ಸೇರಿದ್ದು. ಆಫೀಸುಗಳೆಲ್ಲ ತೆರೆದು ಜನ ವಾಪಸ್ ಬಂದರು ನೋಡಿ, ಮರುವರ್ಷವೇ 27,000 ಕೇಳಿದರು. "ಇಷ್ಟ ಇಲ್ಲಾಂದ್ರೆ ಬಿಡಿ, ಕ್ಯೂನಲ್ಲಿ ಜನ ಇದ್ದಾರೆ." ಇದ್ದರು ಕೂಡ. ಮಾರ್ಚ್ 2024ರಲ್ಲಿ ಬೋರ್‌ವೆಲ್ ಒಣಗಿ, ಟ್ಯಾಂಕರ್ ನೀರಿಗೆ ಅಂತ ತಿಂಗಳಿಗೆ 1,800 ಬೇರೆ ಹಾಕಿದರು. ಅವತ್ತು ರಾತ್ರಿಯೇ ತೀರ್ಮಾನ ಆಯಿತು.

ಮೆಟ್ರೋದ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡೋಕೆ ಶುರುವಾಗಿದ್ದು ಅಕ್ಟೋಬರ್ 2023ರಲ್ಲಿ. ನನ್ನ ಆಫೀಸು ಪಟ್ಟಂದೂರು ಅಗ್ರಹಾರ ಸ್ಟೇಷನ್ನಿನ ಹತ್ತಿರ, ಯಜಮಾನರದು ವಿಜಯನಗರ. ಒಂದೇ ಗೆರೆ. ಆ ಗೆರೆಯ ಆ ತುದಿಗೆ ಹೋದರೆ ಬಾಡಿಗೆ ಅರ್ಧಕ್ಕೆ ಇಳಿಯುತ್ತೆ ಅಂತ ನಕ್ಷೆ ನೋಡಿದರೆ ಗೊತ್ತಾಗೊಲ್ಲ, ನಡೆದು ನೋಡಬೇಕು. ನಾಲ್ಕು ಭಾನುವಾರ ಟು-ಲೆಟ್ ಬೋರ್ಡು ನೋಡ್ತಾ ಕೆಂಗೇರಿ ಉಪನಗರದ ಸುತ್ತ ನಡೆದೆವು. ಬ್ರೋಕರ್ ಹಿಡಿಯಲಿಲ್ಲ, ಒಂದು ತಿಂಗಳ ಬಾಡಿಗೆ ಅಲ್ಲೇ ಉಳಿಯಿತು. ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳಿದರು, ಐದಕ್ಕೆ ಇಳಿಸಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳು ಅಂತಿದೆ, ಅದನ್ನು ಹೇಳಿದರೆ ಓನರ್ ಬೇರೆ ಗ್ರಹದವರ ಥರ ನೋಡುತ್ತಾರೆ, ಹೇಳಬೇಡಿ. ಐದಕ್ಕೆ ಇಳಿಸಿದ್ದು ಹೇಗೆ ಅನ್ನೋದನ್ನು ಬರೆಯೊಲ್ಲ, ಮುಂದಿನ ಮನೆಗೂ ನನಗೆ ಬೇಕು.

ಹಳೇ ಓನರ್ ಎರಡು ಲಕ್ಷ ಅಡ್ವಾನ್ಸಿನಲ್ಲಿ ಪೇಂಟಿಂಗ್ ಅಂತ 27,000 ಮುರಿದುಕೊಂಡು 1,73,000 ಕೊಟ್ಟರು. ಅದೂ ಮನೆ ಬಿಟ್ಟ ನಲವತ್ತು ದಿನಕ್ಕೆ. ಹೊಸ ಅಡ್ವಾನ್ಸ್ 75,000 ಮೊದಲೇ ಕೊಡಬೇಕಲ್ಲ, ತಂಗಿಯ ಹತ್ತಿರ ಕೈಸಾಲ ಮಾಡಿದೆ. ನಾವು ಬಾಡಿಗೆಯವರು ಸಿಕ್ಕಿಬೀಳೋದೇ ಇಲ್ಲಿ. ಹಳೇದು ಬರೋ ಮುಂಚೆ ಹೊಸದು ಹೋಗಬೇಕು. ಆ ನಲವತ್ತು ದಿನದ ಸಂಕಟದಲ್ಲೇ ನನಗೆ ಗುರಿ ಹೇಗೆ ಇಡಬೇಕು ಅನ್ನೋದು ಹೊಳೆದದ್ದು.

ಅಲ್ಲಿಯವರೆಗೆ ನನ್ನ ಗುರಿ "ಐದು ಲಕ್ಷ", "ಹತ್ತು ಲಕ್ಷ" ಅಂತ ಇರುತ್ತಿತ್ತು. ತಲುಪೋದೂ ಇಲ್ಲ, ಯಾಕೆ ಅಂತಲೂ ಗೊತ್ತಿಲ್ಲ. ಈಗ ರೂಪಾಯಿಯಲ್ಲಿ ಎಣಿಸೋದನ್ನೇ ಬಿಟ್ಟೆ, ಬಾಡಿಗೆ-ತಿಂಗಳಲ್ಲಿ ಎಣಿಸುತ್ತೇನೆ, ಈಗಿರೋ ಮನೆಯ ಬಾಡಿಗೆ ಎಷ್ಟು ತಿಂಗಳದ್ದು ಅಂತ. ಮೊದಲನೇ ಗಂಟು ಮನೆ ಬದಲಿಸೋಕೆ, ಏಳು ತಿಂಗಳ ಬಾಡಿಗೆ. ಅಡ್ವಾನ್ಸು, ಸುಣ್ಣಬಣ್ಣ, ಲಾರಿ ಎಲ್ಲ ಅದರಲ್ಲೇ. ಎರಡನೇದು ಕೆಲಸ ಹೋದರೆ ಅಂತ, ಆರು ತಿಂಗಳು. ಇವೆರಡೂ ತುಂಬಿದ ಮೇಲೆ ಬಂದದ್ದೆಲ್ಲ ಸೈಟಿಗೆ. ಬಾಡಿಗೆ ಏರಿದರೆ ಗುರಿಯೂ ತಾನಾಗಿ ಏರುತ್ತೆ, ಕೂತು ಮತ್ತೆ ಲೆಕ್ಕ ಹಾಕಬೇಕಾಗಿಲ್ಲ. ಹಳೇ ಮನೆಯ ಬಾಡಿಗೆಯನ್ನೂ ವರ್ಷಕ್ಕೆ ನೂರಕ್ಕೆ ಐದರಂತೆ ಏರಿಸುತ್ತೇನೆ, ಆ ಓನರ್ ಸುಮ್ಮನೆ ಬಿಡುತ್ತಿದ್ದರೇನು? ಏಪ್ರಿಲ್ 2025ರಿಂದ ಅದು 28,350. ಈಗಿನ ಮನೆಯದು 15,750 ಆಯಿತು. ನನ್ನ ಪಾಲು 12,600.

ಹಳೇ ಅಡ್ವಾನ್ಸಿನಲ್ಲಿ ತಂಗಿಯ 75,000 ತೀರಿಸಿ ಮಿಕ್ಕ 98,000 ಮೊದಲ ಗಂಟಿಗೆ ಹಾಕಿದೆ, ಅಲ್ಲಿಗೆ ಆರೂವರೆ ತಿಂಗಳು ಒಂದೇ ಏಟಿಗೆ ಆಯಿತು. ಅದು ಎಫ್‌ಡಿ, ಯಾವಾಗ ಬೇಕಾದರೂ ಮುರಿಯೋ ಥರ. ಎರಡನೇದು ಬ್ಯಾಂಕಿನ ಆರ್‌ಡಿ, ತಿಂಗಳು ತಿಂಗಳು ಕಟ್ಟೋದು. ಸೈಟಿನದು ಪೋಸ್ಟ್ ಆಫೀಸಿನ ಐದು ವರ್ಷದ ಆರ್‌ಡಿ, 6.7ರ ಬಡ್ಡಿ. ಜಾಸ್ತಿ ಬರೋ ಕಡೆ ಹಾಕಬಹುದಿತ್ತು ಅಂತ ಆಫೀಸಿನ ಹುಡುಗರು ಅಂದರು. ಚೀಟಿ, ಭೋಗ್ಯ ಎರಡೂ ಕಂಡವಳಿಗೆ ಇಷ್ಟು ಸಾಕು. ದುಡ್ಡು ನನ್ನ ಕೈಗೇ ಸಿಗದ ಹಾಗೆ ಇನ್ನೊಂದು ಏರ್ಪಾಡು ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬರೆದರೆ ಯಜಮಾನರೂ ಓದುತ್ತಾರೆ.

ಎಲ್ಲ ಸಲೀಸಾಗಿ ನಡೆಯಲಿಲ್ಲ. ಗೃಹಜ್ಯೋತಿಯ ಆಧಾರ್ ಹಳೇ ಮನೆಯ ಕರೆಂಟಿನ ಆರ್‌ಆರ್ ನಂಬರಿಗೇ ಅಂಟಿಕೊಂಡಿತ್ತು. ಬಿಡಿಸಿ ಹೊಸದಕ್ಕೆ ಸೇರಿಸೋ ಹೊತ್ತಿಗೆ ಮೂರ್ನಾಲ್ಕು ತಿಂಗಳ ಬಿಲ್ಲು ಕೈಯಿಂದ ಹೋಯಿತು. ಆ ವರ್ಷ ದಸರಾ ತಿಂಗಳು ಅತ್ತೆಯ ಕಣ್ಣಿನ ಆಪರೇಷನ್, ನನ್ನ ಪಾಲಿನ ಬಾಡಿಗೆ ಪೂರ್ತಿ ತಪ್ಪಿತು. "ಒಂದು ತಿಂಗಳು ಬಿಟ್ರೆ ಏನಾಯ್ತು" ಅಂದರು ಯಜಮಾನರು. ಓನರ್‌ಗೆ ಹಾಗೆ ಹೇಳೋಕಾಗುತ್ತಾ? ಬಾಕಿ ಅಂತ ಬರೆದಿಟ್ಟು ನವೆಂಬರ್, ಡಿಸೆಂಬರ್‌ನಲ್ಲಿ ಆರಾರು ಸಾವಿರ ತೀರಿಸಿದೆ. ಬೋನಸ್ ಬಂದಿತ್ತು ಅನ್ನಿ.

ದೊಡ್ಡ ಏಟು ಕೊಟ್ಟದ್ದು ಫೆಬ್ರವರಿ 2025ರ ಮೆಟ್ರೋ ದರ. ಒಂದು ಕಡೆಗೆ 60 ಇದ್ದದ್ದು 90 ಆಯಿತು. ಕಾರ್ಡಿನ ರಿಯಾಯಿತಿ ಕಳೆದರೂ ತಿಂಗಳಿಗೆ 2,500 ಆಗುತ್ತಿದ್ದದ್ದು 3,700 ದಾಟಿತು. ಭಾವ ಫೋನ್ ಮಾಡಿ "ಈಗೇನ್ಮಾಡ್ತೀಯಮ್ಮ" ಅಂದರು. ಮಾತಿನಲ್ಲಿ ಸ್ವಲ್ಪ ಖುಷಿಯೂ ಇತ್ತು. ಹಟಕ್ಕೆ ಬಿದ್ದು ಶಕ್ತಿ ಯೋಜನೆಯ ಬಿಟ್ಟಿ ಬಸ್ಸಿನಲ್ಲೇ ಹೋಗ್ತೀನಿ ಅಂತ ಹೊರಟೆ. ಕೆಂಗೇರಿಯಿಂದ ಮೆಜೆಸ್ಟಿಕ್, ಅಲ್ಲಿಂದ 335ಇ. ಸೊನ್ನೆ ರೂಪಾಯಿ ಟಿಕೆಟ್, ಹೋಗೋಕೆ ಎರಡು ಮುಕ್ಕಾಲು ಗಂಟೆ, ಬರೋಕೆ ಮೂರು. ಬಸ್ಸು ಮಾರತಹಳ್ಳಿ ದಾಟುವಾಗ ಹಳೇ ಮನೆಯ ಕಡೆಯ ರಸ್ತೆ ನೋಡಿ ಒಂದೊಂದು ದಿನ ಅಳು ಬರುತ್ತಿತ್ತು. ಹನ್ನೊಂದು ದಿನಕ್ಕೆ ಬಿಟ್ಟೆ. ಆ ಹನ್ನೊಂದು ದಿನದಲ್ಲಿ ಉಳಿದದ್ದಕ್ಕಿಂತ ಹೊರಗಿನ ತಿಂಡಿಗೆ ಹೋದದ್ದೇ ಜಾಸ್ತಿ.

ಕೊನೆಗೆ ಆ ಕೊರತೆ ತುಂಬಿದ್ದು ಯಜಮಾನರ ಪೆಟ್ರೋಲು. ಮೊದಲು ಮಾರತಹಳ್ಳಿ ಕಡೆಯಿಂದ ವಿಜಯನಗರಕ್ಕೆ ಬೈಕಿನಲ್ಲಿ ಹೋಗಿಬರೋಕೆ ತಿಂಗಳಿಗೆ 3,500 ಬೇಕಿತ್ತು. ಈಗ ಅದರಲ್ಲಿ ಅರ್ಧವೂ ಬೇಡ. 12,600ಕ್ಕೆ ಕೈ ಹಾಕಲಿಲ್ಲ.

ನಡುವೆ ಕೆ.ಆರ್. ಮಾರ್ಕೆಟ್ಟಿನಿಂದ ವಾರದ ತರಕಾರಿ ತರೋ ಪ್ರಯೋಗವನ್ನೂ ಮಾಡಿದೆ. ಎರಡೇ ವಾರ. ನಾಲ್ಕು ಕೇಜಿ ಟೊಮೆಟೊ ಕೊಳೆತ ಮೇಲೆ ತಳ್ಳುಗಾಡಿಯವನ ಹತ್ತಿರವೇ ವಾಪಸ್.

ಡಿಸೆಂಬರ್ 2025ಕ್ಕೆ ಎಲ್ಲ ಸೇರಿ ಮೂರು ಲಕ್ಷ ನಲವತ್ತು ಸಾವಿರದ ಆಸುಪಾಸು, ಬಡ್ಡಿಯೂ ಸೇರಿ. ಈಗಿನ ಲೆಕ್ಕದಲ್ಲಿ 21 ತಿಂಗಳ ಬಾಡಿಗೆ. ಏಳು, ಆರು ತುಂಬಿದವು, ಸೈಟಿಗೆ ಎಂಟು ತಿಂಗಳದ್ದು ಇದೆ. ಬೆಂಗಳೂರಿನಲ್ಲಿ ಇದಕ್ಕೆ ಒಂದು ಗೇಟೂ ಬರೊಲ್ಲ ಅಂತ ಗೊತ್ತು. ಅರಸೀಕೆರೆ ಕಡೆ ನೋಡುತ್ತಿದ್ದೇವೆ. ಏಳು ವರ್ಷದಲ್ಲಿ ಆಗದ್ದು ಹತ್ತೊಂಬತ್ತು ತಿಂಗಳಲ್ಲಿ ಆಯಿತು ಅಂತ ಭಾವನಿಗೆ ಪಾಸ್‌ಬುಕ್ಕನ್ನೇ ತೋರಿಸಿದೆ. ಅಷ್ಟು ಹೆಮ್ಮೆ ನನಗಿರಲಿ.

ಹೋದ ವಾರ ಓನರ್ ಬಂದಿದ್ದರು. ಮಗಳು ಅಳಿಯ ಈ ಮನೆಗೇ ಬರುತ್ತಾರಂತೆ, ಏಪ್ರಿಲ್‌ಗೆ ಬಿಡೋಕಾಗುತ್ತಾ ಅಂತ ಕೇಳಿದರು. ಮೆಟ್ರೋ ಹತ್ತಿರ ಇಂಥದೇ ಮನೆಗೆ ಈಗ 19,000 ಹೇಳುತ್ತಿದ್ದಾರೆ. ಏಪ್ರಿಲ್‌ನಿಂದ ಮುನ್ನೇಕೊಳಾಲದ ಬಾಡಿಗೆ 29,767 ಆಗುತ್ತೆ, ನನ್ನ ಪಾಲು 10,767ಕ್ಕೆ ಇಳಿಯುತ್ತೆ. ಗುರಿ ಮಾತ್ರ ತಿಂಗಳಿಗೆ 19,000ದಂತೆ ಏರಿಬಿಡುತ್ತೆ, ಮೊದಲ ಗಂಟಿಗೆ ಇಪ್ಪತ್ತು ಸಾವಿರದ ಮೇಲೆ ಮತ್ತೆ ತುಂಬಬೇಕು. ಈ ಸಲ ತಂಗಿಗೆ ಫೋನ್ ಮಾಡಬೇಕಾಗಿಲ್ಲ. ಭಾನುವಾರ ಚಲ್ಲಘಟ್ಟದ ಕಡೆ ಬೋರ್ಡು ನೋಡೋಕೆ ಹೋಗ್ತಿದ್ದೀವಿ.