ಫೈರ್‌ವಾಲ್ ಮುಚ್ಚಿದೆ ಅಂದಿತು, ರೆಡಿಸ್ ಪಾಂಗ್ ಅಂದಿತು

2023ರ ಸಂಕ್ರಾಂತಿಗೆ ಇನ್ನು ಮೂರು ದಿನ ಇತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಚಿಕ್ಕಪ್ಪನ ಫೋನ್ ಬಂತು. "ಏನ್ಲಾ ಮಗ, ನಿನ್ನ ವೆಬ್‌ಸೈಟು ಒಂದೇ ಸಮ ಸುತ್ತುತಾ ಕೂತದೆ. ಬೆಂಗಳೂರೋರು ಆರ್ಡರ್ ಹಾಕಕ್ಕೆ ಆಯ್ತಿಲ್ಲ ಅಂತವ್ರೆ."

ಮಂಡ್ಯದ ಹತ್ತಿರ ವಿ.ಸಿ. ನಾಲೆ ಬಯಲಿನಲ್ಲಿ ಚಿಕ್ಕಪ್ಪನ ಆಲೆಮನೆ ಇದೆ. ಬಕೆಟ್ ಬೆಲ್ಲ ಎಪಿಎಂಸಿಗೆ ಹೋಗುತ್ತದೆ. ಅಚ್ಚು ಬೆಲ್ಲ, ಬೆಲ್ಲದ ಪುಡಿ ಮಾತ್ರ ನಾನು ಮಾಡಿಕೊಟ್ಟ ಸೈಟಿನಲ್ಲಿ ಮಾರಾಟ. ಎಳ್ಳು ಬೆಲ್ಲದ ಈ ಹತ್ತು ದಿನದಲ್ಲೇ ವರ್ಷದ ಜಾಸ್ತಿ ಆರ್ಡರ್ ಬರುವುದು. ನಾನು ಹಗಲು ಮೈಸೂರಿನಲ್ಲಿ ಕೆಲಸ ಮಾಡುವವನು, ದಿನಾ ರೈಲಿನಲ್ಲಿ ಓಡಾಟ. ಸರ್ವರ್ ಕಡೆ ಕಣ್ಣು ಹಾಯಿಸುವುದು ರಾತ್ರಿ ಊಟ ಆದ ಮೇಲೆ. ಎರಡು ಕೋರ್, 2 ಜಿಬಿ ಮೆಮೊರಿಯ ಬಾಡಿಗೆ ಸರ್ವರ್, ಮೇಲೆ ಉಬುಂಟು 20.04 ಅನ್ನುವ ಲಿನಕ್ಸ್. ಮುಂದೆ ವೆಬ್ ಸರ್ವರ್ ಎಂಜಿನ್‌ಎಕ್ಸ್, ಅದರ ಹಿಂದೆ ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ) ಮೂರು ಕಂಟೇನರ್, ಅಂದರೆ ಡಬ್ಬಿ: ಸೈಟಿನ ಅಪ್ಲಿಕೇಶನ್, ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್, ಮೆಮೊರಿಯಲ್ಲೇ ಡೇಟಾ ಇಟ್ಟು ಬೇಗ ಕೊಡುವ ರೆಡಿಸ್.

ಲಾಗಿನ್ ಆಗುವುದಕ್ಕೇ ಒಂದು ನಿಮಿಷ ಹಿಡಿಯಿತು. ಯಾವ ಪ್ರೋಗ್ರಾಂ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ಹಾಕಿ ನೋಡಿದರೆ ಒಂದೇ ಪ್ರೋಸೆಸ್ ಎರಡೂ ಕೋರ್ ನುಂಗಿ ಕೂತಿದೆ. ಹೆಸರು ಕೆಡೆವ್‌ಟಿಎಂಪಿಎಫ್‌ಎಸ್‌ಐ. ಲಿನಕ್ಸ್ ಕರ್ನಲ್‌ಗೆ ಸೇರಿದ ಕೆಡೆವ್‌ಟಿಎಂಪಿಎಫ್‌ಎಸ್ ಅಂತ ನಿಜವಾಗಲೂ ಒಂದಿದೆ. ಕೊನೆಯ 'ಐ' ಒಂದೇ ವ್ಯತ್ಯಾಸ. ನಿದ್ದೆಗಣ್ಣಿನಲ್ಲಿ ನೋಡಿದವರು ಇದು ಸಿಸ್ಟಂನದ್ದೇ ಅಂತ ಬಿಟ್ಟುಬಿಡಲಿ ಅಂತಲೇ ಇಟ್ಟ ಹೆಸರು. ಕೊಂದೆ. ಒಂದು ನಿಮಿಷಕ್ಕೆ ಮತ್ತೆ ಎದ್ದು ಬಂತು. ಹುಡುಕಿದಾಗ ಗೊತ್ತಾಯಿತು, ಇದು ಕಿನ್‌ಸಿಂಗ್ ಅನ್ನುವ ಕಳ್ಳ ಪ್ರೋಗ್ರಾಂ ತಂದು ಕೂರಿಸುವ ಮೈನರ್. ನಮ್ಮ ಸಿಪಿಯುನಲ್ಲಿ ಇನ್ಯಾರಿಗೋ ಕ್ರಿಪ್ಟೋ ಕಾಸು ಗಣಿ ಮಾಡಿಕೊಡುತ್ತದೆ. ಗಾಣ ನಮ್ಮದು, ಕರೆಂಟ್ ಬಿಲ್ ನಮ್ಮದು, ಬೆಲ್ಲ ಮಾತ್ರ ಅವರ ಮನೆಗೆ.

ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಎಬ್ಬಿಸುವ ಪಟ್ಟಿ ಕ್ರಾನ್‌ಟ್ಯಾಬ್ ನೋಡಿದೆ, ಖಾಲಿ. ಸರ್ವರಿಗೆ ದೂರದಿಂದ ಲಾಗಿನ್ ಆಗುವ ದಾರಿಯಾದ ಎಸ್‌ಎಸ್‌ಎಚ್‌ನ ಲಾಗ್ ನೋಡಿದೆ, ನನ್ನದು ಬಿಟ್ಟು ಬೇರೆ ಯಾರದ್ದೂ ಲಾಗಿನ್ ಇಲ್ಲ. ಆಮೇಲೆ ಡಾಕರ್ ಸ್ಟ್ಯಾಟ್ಸ್ ಹಾಕಿದಾಗ ರೆಡಿಸ್ ಕಂಟೇನರ್ ಒಂದೇ ಸಿಪಿಯು 190 ಪರ್ಸೆಂಟ್ (ಎರಡು ಕೋರ್ ಸೇರಿ 200) ತೋರಿಸಿತು. ಒಳಗೆ ಇಣುಕಿದರೆ ಟೆಂಪ್ ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲ್.

ನನಗೆ ನಂಬಿಕೆಯೇ ಬರಲಿಲ್ಲ. ಉಬುಂಟುವಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂ ಸ್ಟೇಟಸ್ ಕೇಳಿದರೆ ತೆರೆದಿರುವ ಪೋರ್ಟ್, ಅಂದರೆ ಬಾಗಿಲು, 22, 80, 443 ಮೂರೇ ಅಂತ ಹೇಳುತ್ತಿದೆ. ರೆಡಿಸ್‌ನ ಪೋರ್ಟ್ 6379. ಅದು ಪಟ್ಟಿಯಲ್ಲೇ ಇಲ್ಲ. ಮನೆಯ ಲ್ಯಾಪ್‌ಟಾಪಿನಿಂದ ಸುಮ್ನೆ ಒಂದು ಸಲ ಆ ಪೋರ್ಟಿಗೆ ಪಿಂಗ್ ಅಂತ ಕಳಿಸಿದೆ. ಪಾಸ್‌ವರ್ಡ್ ಇಲ್ಲ, ಏನಿಲ್ಲ, ತಕ್ಷಣ ಉತ್ತರ ಬಂತು: ಪಾಂಗ್.

ನಾನೇ ಮಾಡಿದ ಕೆಲಸ. ಸೈಟ್ ಕಟ್ಟುವಾಗ ಲ್ಯಾಪ್‌ಟಾಪಿನಿಂದ ರೆಡಿಸ್ ಒಳಗೆ ನೋಡಲಿಕ್ಕೆ ಅಂತ, ಕಂಟೇನರುಗಳು ಹೇಗೆ ಓಡಬೇಕು ಅಂತ ಬರೆದಿಡುವ ಕಂಪೋಸ್ ಫೈಲಿನಲ್ಲಿ 6379:6379 ಅಂತ ಒಂದು ಪೋರ್ಟ್ಸ್ ಸಾಲು ಬರೆದಿದ್ದೆ, ತೆಗೆಯಲು ಮರೆತಿದ್ದೆ. ಮರೆತರೂ ಪರವಾಗಿಲ್ಲ, ಫೈರ್‌ವಾಲ್ ಇದೆಯಲ್ಲ ಅನ್ನುವ ಧೈರ್ಯ ಬೇರೆ. ಆದರೆ ಡಾಕರ್ ಪೋರ್ಟ್ ತೆರೆಯುವಾಗ ತನ್ನದೇ ನಿಯಮಗಳನ್ನು ನೇರವಾಗಿ ಲಿನಕ್ಸಿನ ಪ್ಯಾಕೆಟ್ ನಿಯಮಗಳ ಪಟ್ಟಿಯಾದ ಐಪಿಟೇಬಲ್ಸ್‌ನಲ್ಲಿ ಬರೆಯುತ್ತದೆ. ಹೊರಗಿನಿಂದ ಬಂದ ಪ್ಯಾಕೆಟ್ ಯುಎಫ್‌ಡಬ್ಲ್ಯೂ ಕಾವಲಿರುವ ಬಾಗಿಲಿಗೆ ಬರುವ ಮೊದಲೇ ಅದನ್ನು ಪಕ್ಕದ ಓಣಿಯಲ್ಲಿ ಕಂಟೇನರ್ ಕಡೆ ತಿರುಗಿಸಿಬಿಡುತ್ತದೆ. ಇದು ಡಾಕರ್‌ನ ಕೈಪಿಡಿಯಲ್ಲೇ ಬರೆದಿದೆ, ಓದದೇ ಇದ್ದದ್ದು ನಾನು. ರೆಡಿಸ್‌ಗೆ ಹೊರಗಿನವರನ್ನು ತಡೆಯುವ ಪ್ರೊಟೆಕ್ಟೆಡ್ ಮೋಡ್ ಇದೆಯಲ್ಲ ಅಂತ ಕೇಳಬಹುದು. ಡಾಕರ್‌ಗೆ ಅಂತ ಸಿಗುವ ಅದರ ಇಮೇಜಿನಲ್ಲಿ, ಅಂದರೆ ಸಿದ್ಧ ಪ್ಯಾಕಿನಲ್ಲಿ, ಆ ಮೋಡ್ ಆಫ್ ಆಗಿಯೇ ಬರುತ್ತದೆ.

ಆ ರಾತ್ರಿ ಸೈಟ್ ಇಳಿಸಿ, ಅದರ ಜಾಗದಲ್ಲಿ ಚಿಕ್ಕಪ್ಪನ ವಾಟ್ಸಾಪ್ ನಂಬರ್ ಹಾಕಿದ ಒಂದೇ ಒಂದು ಪುಟ ಬೇರೆ ಕಡೆಯಿಂದ ತೋರಿಸಿದೆ. ಆ ಸಂಕ್ರಾಂತಿಯ ಆರ್ಡರ್ ಎಲ್ಲ ಚಿಕ್ಕಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಇವತ್ತಿಗೂ ಅವರು ನಿನ್ನ ಸೈಟಿಗಿಂತ ಅದೇ ಸಲೀಸು ಅಂತಾರೆ.

ಮೈನರ್ ಅಳಿಸಿ, ಪೋರ್ಟ್ ಮುಚ್ಚಿ, ಅದೇ ಸರ್ವರ್ ಮುಂದುವರಿಸುವ ಆಸೆ ನನಗೂ ಇತ್ತು. ಬಿಟ್ಟುಬಿಟ್ಟೆ. ಒಳಗೆ ಬಂದವರು ಏನೇನು ಮುಟ್ಟಿದ್ದಾರೆ ಅಂತ ಹೇಳಲಿಕ್ಕೆ ನನ್ನ ಹತ್ತಿರ ಆಧಾರ ಇರಲಿಲ್ಲ. ಕಾರಣ ಇನ್ನೊಂದು ಸೋಮಾರಿತನ: ಪಾಸ್‌ವರ್ಡ್, ಕೀ ಎಲ್ಲ ಬರೆದಿಡುವ ಎನ್ವಿರಾನ್‌ಮೆಂಟ್ ಫೈಲ್ ಮೂರೂ ಕಂಟೇನರಿಗೆ ಒಂದೇ ಕೊಟ್ಟಿದ್ದೆ. ಹಾಗಾಗಿ ರೆಡಿಸ್‌ಗೆ ಬೇಕೇ ಇಲ್ಲದ ಪೋಸ್ಟ್‌ಗ್ರೆಸ್ ಪಾಸ್‌ವರ್ಡ್, ಪೇಮೆಂಟ್ ಕೀ, ಎಸ್‌ಎಂಎಸ್ ಕೀ ಎಲ್ಲವೂ ರೆಡಿಸ್ ಒಳಗೆ ಇದ್ದವು. ಪೋಸ್ಟ್‌ಗ್ರೆಸ್ ಲಾಗಿನಲ್ಲಿ ಅನುಮಾನದ ಸಂಪರ್ಕ ಏನೂ ಕಾಣಲಿಲ್ಲ. ಆದರೆ ಸಂಪರ್ಕಗಳನ್ನು ಬರೆದಿಡುವ ಸೆಟ್ಟಿಂಗ್ ನಾನು ಆನ್ ಮಾಡಿರಲೇ ಇಲ್ಲ, ಕಾಣುವುದಾದರೂ ಎಲ್ಲಿಂದ? ಕಾರ್ಡ್ ವಿವರ ನಾವು ಇಟ್ಟುಕೊಳ್ಳುತ್ತಿರಲಿಲ್ಲ, ಅದೊಂದು ಪುಣ್ಯ. ಹೆಸರು, ವಿಳಾಸ, ಫೋನ್ ನಂಬರ್ ಇದ್ದವು. ಗ್ರಾಹಕರಿಗೆಲ್ಲ ಮೆಸೇಜ್ ಹಾಕಿ ತಿಳಿಸಿದೆವು. ಚಿಕ್ಕಪ್ಪನಿಗೆ ಅದು ಇಷ್ಟವಿರಲಿಲ್ಲ.

ಹೊಸ ಸರ್ವರಿಗೆ ಉಬುಂಟು 22.04 ಹಾಕಿದೆ. ಈ ಸಲ ಒಂದು ಹಟ ಹಿಡಿದೆ. ಯಾವುದೇ ಸೆಟ್ಟಿಂಗ್ ಬರೆದ ಮೇಲೆ ಫೈಲ್ ನೋಡಿ ಸಮಾಧಾನ ಪಡುವ ಹಾಗಿಲ್ಲ, ಹೊರಗೆ ನಿಂತು ಬಾಗಿಲು ತಳ್ಳಿ ನೋಡಬೇಕು.

ಮೊದಲು ಎಸ್‌ಎಸ್‌ಎಚ್. ಬೇರೆ ಯೂಸರ್ ಮಾಡಿ ಸುಡೊ (ಆಡಳಿತದ ಅಧಿಕಾರ) ಕೊಟ್ಟೆ, ಪಾಸ್‌ವರ್ಡ್ ಬದಲಿಗೆ ಬಳಸುವ ಇಡಿ25519 ಕೀ ಹಾಕಿದೆ, ರೂಟ್ ಲಾಗಿನ್ ಮತ್ತು ಪಾಸ್‌ವರ್ಡ್ ಲಾಗಿನ್ ಎರಡಕ್ಕೂ ನೋ ಬರೆದೆ. ರೀಸ್ಟಾರ್ಟ್ ಮಾಡುವಾಗ ಹಳೆಯ ಕಿಟಕಿ ತೆರೆದೇ ಇಟ್ಟಿದ್ದೆ. ಇದನ್ನು ಮರೆತು ತಮ್ಮದೇ ಸರ್ವರ್ ಹೊರಗೆ ನಿಂತವರು ಬಹಳ ಜನ. ಆಮೇಲೆ ಕೀ ಇಲ್ಲದ ತಂಗಿಯ ಲ್ಯಾಪ್‌ಟಾಪಿನಿಂದ ಲಾಗಿನ್‌ಗೆ ಹೋದೆ. ಪಾಸ್‌ವರ್ಡ್ ಕೇಳಿತು! ಫೈಲಿನಲ್ಲಿ ನೋ ಅಂತಲೇ ಇದೆ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಸಿಕ್ಕಿತು. ಉಬುಂಟುವಿನ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲಿನ ಮೇಲುಗಡೆಯೇ ಒಂದು ಇನ್‌ಕ್ಲೂಡ್ ಸಾಲಿದೆ. ಅದು ಪಕ್ಕದ ಫೋಲ್ಡರಿನ ಫೈಲುಗಳನ್ನು ಮೊದಲು ಓದುತ್ತದೆ. ಅಲ್ಲಿ 50-ಕ್ಲೌಡ್-ಇನಿಟ್ ಅನ್ನುವ ಫೈಲಿನಲ್ಲಿ ಪಾಸ್‌ವರ್ಡ್‌ಗೆ ಯೆಸ್ ಅಂತ ಇತ್ತು. ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕ ಮಾತೇ ಗೆಲ್ಲುವುದು, ಕೆಳಗೆ ನಾನು ಬರೆದ ನೋ ಅದರ ಲೆಕ್ಕಕ್ಕೇ ಇಲ್ಲ. ಅಂದಿನಿಂದ ಎಸ್‌ಎಸ್‌ಎಚ್‌ಡಿ ಕಮಾಂಡನ್ನು ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟು ಓಡಿಸುತ್ತೇನೆ. ನಿಜವಾಗಿ ಜಾರಿಯಲ್ಲಿರುವ ಸೆಟ್ಟಿಂಗ್ ಅಷ್ಟನ್ನೂ ಅದು ಒದರುತ್ತದೆ. ಚಿಕ್ಕಕ್ಷರದ ಟಿ ಬೇರೆ, ಅದು ಫೈಲಿನಲ್ಲಿ ತಪ್ಪಿದೆಯಾ ಅಂತ ಮಾತ್ರ ನೋಡುತ್ತದೆ.

ಪೋರ್ಟ್ 22 ಬದಲಾಯಿಸಲಿಲ್ಲ. ಬದಲಾಯಿಸಿದರೆ ಲಾಗಿನಲ್ಲಿ ಗದ್ದಲ ಕಡಿಮೆಯಾಗುತ್ತದೆ, ಅಷ್ಟೇ. ಪದೇ ಪದೇ ಲಾಗಿನ್ ತಪ್ಪುವ ಐಪಿಯನ್ನು ತಡೆಯುವ ಫೇಲ್‌ಟುಬ್ಯಾನ್ ಎಸ್‌ಎಸ್‌ಎಚ್‌ಗೆ ಹಾಕಿದ್ದೇನೆ. ಸೈಟಿನ ಲಾಗಿನ್ ಪುಟಕ್ಕೆ ಹಾಕಲು ಮನಸ್ಸು ಬರಲಿಲ್ಲ. ಮೊಬೈಲ್ ನೆಟ್‌ವರ್ಕಿನಲ್ಲಿ ಎಷ್ಟೋ ಜನ ಒಂದೇ ಐಪಿ ಹಿಂದೆ ಇರುತ್ತಾರೆ. ಒಬ್ಬರು ಪಾಸ್‌ವರ್ಡ್ ಮರೆತರೆ ಅವರ ಜೊತೆ ಇನ್ನೆಷ್ಟು ಜನಕ್ಕೆ ಬಾಗಿಲು ಹಾಕಬೇಕು?

ಡಾಕರ್‌ನಲ್ಲಿ ರೆಡಿಸ್, ಪೋಸ್ಟ್‌ಗ್ರೆಸ್ ಎರಡರ ಪೋರ್ಟ್ಸ್ ಸಾಲನ್ನೂ ಕಿತ್ತುಹಾಕಿದೆ. ಒಂದೇ ಕಂಪೋಸ್‌ನ ಕಂಟೇನರುಗಳು ಹೆಸರು ಹಿಡಿದೇ ಮಾತಾಡಿಕೊಳ್ಳುತ್ತವೆ, ಆ ಸಾಲು ಬೇಕಾಗಿರಲೇ ಇಲ್ಲ. ಎಂಜಿನ್‌ಎಕ್ಸ್ ಡಾಕರ್‌ನ ಹೊರಗಿರುವುದರಿಂದ ಅಪ್ಲಿಕೇಶನ್ನಿನ ಪೋರ್ಟ್ ಮಾತ್ರ ಬೇಕು. ಅದರ ಮುಂದೆ 127.0.0.1 ಸೇರಿಸಿದೆ. ಹಾಗೆ ಮಾಡಿದರೆ ಸರ್ವರಿನ ಒಳಗಿನವರಿಗೆ ಮಾತ್ರ ತೆರೆಯುತ್ತದೆ. ಯಾವ ಕಂಟೇನರಿಗೆ ಯಾವ ಕೀ ಬೇಕೋ ಅಷ್ಟೇ ಇರುವ ಬೇರೆ ಬೇರೆ ಎನ್ವಿರಾನ್‌ಮೆಂಟ್ ಫೈಲ್ ಮಾಡಿದೆ. ರೆಡಿಸ್‌ಗೂ ಪಾಸ್‌ವರ್ಡ್ ಇಟ್ಟೆ.

ಎಂಜಿನ್‌ಎಕ್ಸ್ ಕೆಲಸ ಬೇಗ ಮುಗಿಯಿತು. ವರ್ಷನ್ ತೋರಿಸುವುದು ನಿಲ್ಲಿಸಿದೆ, ಸಂಪರ್ಕವನ್ನು ಗುಟ್ಟಾಗಿಡುವ ಟಿಎಲ್‌ಎಸ್‌ನಲ್ಲಿ 1.2 ಮತ್ತು 1.3 ಮಾತ್ರ ಇಟ್ಟೆ. 1.0, 1.1 ಎರಡನ್ನೂ 2021ರಲ್ಲೇ ಅಧಿಕೃತವಾಗಿ ಕೈಬಿಟ್ಟಿದ್ದಾರೆ. ಚುಕ್ಕಿಯಿಂದ ಶುರುವಾಗುವ ಫೈಲ್ ಯಾರು ಕೇಳಿದರೂ 444, ಅಂದರೆ ಉತ್ತರ ಕೊಡದೆ ಫೋನ್ ಇಟ್ಟ ಹಾಗೆ. ಲಾಗ್ ನೋಡಿದರೆ ದಿನಾ ಯಾರೋ ವರ್ಡ್‌ಪ್ರೆಸ್ ಲಾಗಿನ್ ಪುಟ ಹುಡುಕಿಕೊಂಡು ಬರುತ್ತಾರೆ, ನಮ್ಮಲ್ಲಿ ವರ್ಡ್‌ಪ್ರೆಸ್ಸೇ ಇಲ್ಲ. ಆಲೆಮನೆಗೆ ಬಂದು ಚಪ್ಪಲಿ ಇದೆಯಾ ಅಂತ ಕೇಳಿದ ಹಾಗೆ. ಬ್ರೌಸರಿಗೆ ಸುರಕ್ಷತೆಯ ನಿಯಮ ಹೇಳುವ ಸೆಕ್ಯುರಿಟಿ ಹೆಡರ್‌ಗಳಲ್ಲಿ ಮಾತ್ರ ಮತ್ತೆ ಎಡವಿದೆ. ಸರ್ವರ್ ಬ್ಲಾಕಿನಲ್ಲಿ ನಾಲ್ಕು ಹೆಡರ್ ಬರೆದು, ಒಂದು ಲೊಕೇಶನ್ ಬ್ಲಾಕಿನಲ್ಲಿ ಚಿತ್ರಗಳ ಕ್ಯಾಶಿಗೆ ಇನ್ನೊಂದು ಆ್ಯಡ್ ಹೆಡರ್ ಹಾಕಿದ್ದೆ. ಒಳಗಡೆ ಒಂದು ಬರೆದರೆ ಮೇಲಿನ ನಾಲ್ಕೂ ಅಲ್ಲಿಗೆ ಇಳಿಯುವುದಿಲ್ಲ! ಹೊರಗಿನಿಂದ ಕರ್ಲ್ ಕಮಾಂಡಿನಲ್ಲಿ ಪುಟ ತರಿಸಿ ನೋಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ತಾನಾಗಿಯೇ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಆನ್ ಮಾಡಿ, ಬೇಕಾದರೆ ರಾತ್ರಿ 2 ಗಂಟೆಗೆ ತಾನೇ ರೀಬೂಟ್ ಆಗಲಿ ಅಂತ ಬರೆದೆ. ಒಂದು ದಿನ ಬೆಳಗ್ಗೆ ಏಳೂವರೆಗೆ ರೈಲಿನಲ್ಲಿ ಕೂತಿದ್ದಾಗ ಸೈಟ್ ಬಿದ್ದುಹೋಯಿತು. ಸರ್ವರಿನ ಗಡಿಯಾರ ಯುಟಿಸಿಯಲ್ಲಿತ್ತು, ಅದರ 2 ಗಂಟೆ ಅಂದರೆ ನಮ್ಮ 7:30. ಇನ್ನೊಂದು ವಿಷಯ, ಇದು ಅಪ್‌ಡೇಟ್ ಮಾಡುವುದು ಉಬುಂಟುವಿನ ಪ್ಯಾಕೇಜುಗಳನ್ನು ಮಾತ್ರ. ಕಂಟೇನರ್ ಇಮೇಜುಗಳು ನಾವು ತಂದ ದಿನ ಹೇಗಿದ್ದವೋ ಹಾಗೇ ಇರುತ್ತವೆ. ಅವನ್ನು ನಾನೇ ತಿಂಗಳಿಗೊಮ್ಮೆ ಪುಲ್ ಮಾಡುತ್ತೇನೆ.

ಬ್ಯಾಕಪ್ ವಿಷಯದಲ್ಲಿ ನನಗೆ ನಿಜವಾಗಿ ಹೆದರಿಕೆ ಆಗಿದ್ದು. ದಿನಾ ರಾತ್ರಿ ಪೋಸ್ಟ್‌ಗ್ರೆಸ್ ಡಂಪ್ (ಪೂರ್ತಿ ಪ್ರತಿ) ತೆಗೆದು, ಜಿಜಿಪ್ ಮಾಡಿ (ಒತ್ತಿ ಚಿಕ್ಕದಾಗಿಸಿ), ಬೇರೆ ಕಡೆ ಕಳಿಸುವ ಸ್ಕ್ರಿಪ್ಟ್ ಇತ್ತು. ಹೊಸ ಸರ್ವರ್ ಆಗಿ ಹತ್ತು ದಿನದ ಮೇಲೆ ಲ್ಯಾಪ್‌ಟಾಪಿನಲ್ಲಿ ರಿಸ್ಟೋರ್ ಮಾಡಿ ನೋಡೋಣ ಅಂತ ಕೂತೆ. ಹತ್ತು ಫೈಲೂ ಇದ್ದವು, ತಾರೀಖು ಸರಿ, ಹೆಸರು ಸರಿ. ಒಂದೊಂದರ ಗಾತ್ರ 20 ಬೈಟ್. ಏನೂ ಇಲ್ಲದ್ದನ್ನು ಜಿಜಿಪ್ ಮಾಡಿದರೆ ಅಷ್ಟೇ ಬರುವುದು. ಪೋಸ್ಟ್‌ಗ್ರೆಸ್ ಪಾಸ್‌ವರ್ಡ್ ಬದಲಾಯಿಸಿದವನು ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಬದಲಾಯಿಸಿರಲಿಲ್ಲ. ಡಂಪ್ ಸೋತಿತ್ತು, ಪೈಪಿನ ಕೊನೆಯಲ್ಲಿದ್ದ ಜಿಜಿಪ್ ಗೆದ್ದಿತ್ತು, ಸ್ಕ್ರಿಪ್ಟ್ ಎಲ್ಲ ಸರಿ ಅಂತ ವರದಿ ಮಾಡಿತ್ತು. ಸ್ಕ್ರಿಪ್ಟ್ ಓಡಿಸುವ ಬ್ಯಾಶ್‌ನಲ್ಲಿ, ಪೈಪಿನ ಯಾವ ಹಂತ ಸೋತರೂ ಸೋಲು ಅಂತ ಹೇಳುವ ಪೈಪ್‌ಫೇಲ್ ಆನ್ ಮಾಡಿದ್ದರೆ ಮೊದಲ ರಾತ್ರಿಯೇ ಗೊತ್ತಾಗುತ್ತಿತ್ತು. ಈಗ ಅದು ಇದೆ, ಜೊತೆಗೆ ಫೈಲ್ ನಿನ್ನೆಗಿಂತ ತೀರಾ ಚಿಕ್ಕದಾದರೆ ನನಗೆ ಮೆಸೇಜ್ ಬರುತ್ತದೆ. ಬ್ಯಾಕಪ್ ಇಡುವ ಜಾಗಕ್ಕೆ ಸರ್ವರ್ ಹೊಸದನ್ನು ಬರೆಯಬಹುದು, ಹಳೆಯದನ್ನು ಅಳಿಸುವಂತಿಲ್ಲ.

ಲಾಗ್ ಬಗ್ಗೆ ಒಂದು ಮಾತು. ನಮ್ಮ ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗುಗಳನ್ನು 180 ದಿನ ಇಡಬೇಕು ಅಂತ ಇದೆ. ನಾನು ಅದನ್ನು ಓದಿದ್ದು ಮೂರನೇ ದಿನ, ಮೇಲ್ ಬರೆದದ್ದೂ ಅವತ್ತೇ. ಎಂಜಿನ್‌ಎಕ್ಸ್ ಲಾಗ್ ಉಬುಂಟುವಿನಲ್ಲಿ 14 ದಿನಕ್ಕೆ ಅಳಿದುಹೋಗುತ್ತದೆ. ಹಾಗಾಗಿ ರೆಡಿಸ್ ಬಾಗಿಲು ಯಾವಾಗಿನಿಂದ ತೆರೆದಿತ್ತು ಅಂತ ಹೇಳಬಲ್ಲೆ, ಸೈಟಿನ ಕಡೆಯಿಂದ ಬೇರೆ ಯಾರಾದರೂ ಬಂದಿದ್ದರಾ ಅಂತ ಹೇಳಲಾರೆ. ಹಳೆಯ ಲಾಗ್ ಅಳಿಸುವ ಲಾಗ್‌ರೊಟೇಟ್‌ನಲ್ಲಿ 14 ಇದ್ದದ್ದನ್ನು 180 ಮಾಡಿದೆ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಮನೆ ಬ್ರಾಡ್‌ಬ್ಯಾಂಡ್ ಬಿಟ್ಟು, ಫೋನಿನ ಹಾಟ್‌ಸ್ಪಾಟಿನಿಂದ, ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಓಡಿಸುತ್ತೇನೆ. 65,535 ಪೋರ್ಟೂ, ಐಪಿವಿ4, ಐಪಿವಿ6 ಎರಡೂ. ನಮ್ಮದೇ ಸರ್ವರ್ ಮೇಲೆ ಮಾತ್ರ ಕಣ್ರೀ, ಪಕ್ಕದವರದ್ದಲ್ಲ. ಕಳೆದ ಸಲ 22, 80, 443ರ ಜೊತೆ 8025 ಕಂಡಿತು. ಗುರುವಾರ ರಾತ್ರಿ ಆರ್ಡರ್ ಮೇಲ್ ಹೇಗೆ ಕಾಣುತ್ತದೆ ಅಂತ ನೋಡಲಿಕ್ಕೆ ಒಂದು ಮೇಲ್ ಟೆಸ್ಟ್ ಕಂಟೇನರ್ ಹಾಕಿದ್ದೆ. ಪೋರ್ಟ್ಸ್ ಸಾಲು ಬರೆದವನು ನಾನೇ, 127.0.0.1 ಮರೆತವನೂ ನಾನೇ. ಕಿತ್ತುಹಾಕಿ ಮತ್ತೊಮ್ಮೆ ಓಡಿಸಿದೆ. ಮೂರೇ ಬಂದವು.